ಕುತ್ತಿಗೆಯ ತಕರಾರು

ಕೆನ್ನೆ ಮೇಲೆ ಸಲೀಸಾಗಿ ಜಾರುವ ರೇಜರ್ ಕುತ್ತಿಗೆಗೆ ಬಂದೊಡನೆ ಯಾಕೆ ತಕರಾರು ತೆಗೆಯುತ್ತೆ? ಕಾರಣ ಕೂದಲಿನ ದಿಕ್ಕು. ಕೆನ್ನೆಯಲ್ಲಿ ಅದು ಸಾಮಾನ್ಯವಾಗಿ ಕೆಳಮುಖ. ಕುತ್ತಿಗೆಯಲ್ಲಿ ಕೆಲವರಿಗೆ ಅಡ್ಡಡ್ಡ, ಕೆಲವರಿಗೆ ಕೆಳಗಿಂದ ಮೇಲಕ್ಕೆ, ಇನ್ನು ಕೆಲವರಿಗೆ ಸುಳಿ ಸುಳಿ.

ಎರಡು ದಿನದ ಗಡ್ಡವಿದ್ದಾಗ ಬೆರಳಾಡಿಸಿ ನೋಡಿ. ನುಣುಪಾಗಿ ಜಾರಿದ್ದು ಕೂದಲಿನ ದಿಕ್ಕು, ಚುಚ್ಚಿದ್ದು ಎದುರು ದಿಕ್ಕು. ಮೊದಲ ಸುತ್ತು ಜಾರಿದ ಕಡೆಗೇ ಹೋಗಲಿ.

ಸ್ನಾನವಾದ ಮೇಲೆ ಶೇವ್ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಬಿಸಿನೀರಿಗೆ ಕೂದಲು ಮೆತ್ತಗಾಗಿರುತ್ತೆ. ಗಂಟಲ ಗಂಟಿನ ಹತ್ತಿರ ಚರ್ಮವನ್ನು ಪಕ್ಕಕ್ಕೆ ಎಳೆದು ಸಮತಟ್ಟು ಮಾಡಿಕೊಳ್ಳಿ. ಒತ್ತಬೇಡಿ, ರೇಜರಿನ ಭಾರವೇ ಸಾಕು. ಚಿಕ್ಕ ಚಿಕ್ಕದಾಗಿ ಎಳೆಯಿರಿ. ನೊರೆ ಹೋದ ಜಾಗಕ್ಕೆ ಮತ್ತೆ ನೊರೆ ಹಚ್ಚದೆ ಬ್ಲೇಡು ಮುಟ್ಟಿಸಬೇಡಿ. ಉರಿ ಹುಟ್ಟುವುದು ಅಲ್ಲೇ.

ಗುಂಗುರು ಕೂದಲಿನವರು ತೀರಾ ನುಣ್ಣಗೆ ಮಾಡುವ ಹಟ ಬಿಟ್ಟರೆ ಒಳ್ಳೆಯದು. ಬುಡಕ್ಕೆ ಕತ್ತರಿಸಿದ ಕೂದಲು ಬೆಳೆಯುವಾಗ ಬಾಗಿ ಚರ್ಮದೊಳಕ್ಕೇ ಹೊಕ್ಕರೆ ಗುಳ್ಳೆ ಏಳುತ್ತೆ.

ಕೊನೆಗೆ ತಣ್ಣೀರು, ಆಮೇಲೆ ಒದ್ದೆ ಪಟಿಕವನ್ನು ಒಮ್ಮೆ ಸವರಿ. ಎಲ್ಲಿ ಚುರುಗುಟ್ಟುತ್ತೋ ನೋಡಿಟ್ಟುಕೊಳ್ಳಿ. ಮುಂದಿನ ಸಲ ಕೈ ಹಗುರ ಮಾಡಬೇಕಾದ್ದು ಅಲ್ಲಿ.