ಈಗ ನಲವತ್ತು, ಮುಂದೆ ಐವತ್ತೈದು

ಎಕ್ಸೆಲ್ ಶೀಟ್ ಮಾಡ್ಕೊಂಡು ಬೇಸ್‌ಬಾಲ್ ನೋಡೋಕೆ ಹೋಗುವ ಹುಚ್ಚ ನಾನೊಬ್ಬನೇ ಅಂದ್ಕೊಂಡಿದ್ದೆ. ಹೋದ ಮೇಲೆ ಗೊತ್ತಾಯ್ತು, ಹೋಮ್ ಪ್ಲೇಟ್ ಹಿಂದಿನ ಸಾಲುಗಳಲ್ಲಿ ಅಂಥವರು ಬೇಕಾದಷ್ಟು ಜನ ಇದ್ದಾರೆ. ಒಬ್ಬರ ಕೈಯಲ್ಲಿ ರಾಡಾರ್ ಗನ್, ಇನ್ನೊಬ್ಬರ ಕೈಯಲ್ಲಿ ಸ್ಟಾಪ್‌ವಾಚ್, ತೊಡೆ ಮೇಲೆ ನೋಟ್‌ಬುಕ್. ಚಪ್ಪಾಳೆ ಇಲ್ಲ, ಕೂಗಾಟ ಇಲ್ಲ. ಇವರು ಸ್ಕೌಟ್‌ಗಳು. ಎಳೆಯ ಆಟಗಾರರನ್ನ ಅಳೆಯೋದೇ ಇವರ ಕೆಲಸ.

ಆಫೀಸ್ ಕೆಲಸದ ಮೇಲೆ ಎರಡು ವರ್ಷದಿಂದ ನಾರ್ತ್ ಕ್ಯಾರೊಲೈನಾದ ಡರ್ಹಮ್‌ನಲ್ಲಿದ್ದೀನಿ. ಊರಿನ ತಂಡ ಡರ್ಹಮ್ ಬುಲ್ಸ್. 1988ರ ‘ಬುಲ್ ಡರ್ಹಮ್’ ಸಿನಿಮಾ ನೋಡಿದವರಿಗೆ ಹೆಸರು ಗೊತ್ತಿರುತ್ತೆ. ಸ್ಟೇಡಿಯಂನಲ್ಲಿ ಗೋಡೆ ಮೇಲೆ ದೊಡ್ಡ ಗೂಳಿಯ ಬೋರ್ಡ್ ಇದೆ. ನಮ್ಮವರು ಹೋಮ್ ರನ್ ಹೊಡೆದರೆ ಅದರ ಕಣ್ಣು ಕೆಂಪಗಾಗಿ ಹೊಗೆ ಬರುತ್ತೆ. ಮೊದಲ ಸಲ ಹೋಗಿದ್ದು ಅದನ್ನ ನೋಡೋಕೇ, ಸುಳ್ಳು ಯಾಕೆ ಹೇಳಲಿ.

ಬುಲ್ಸ್ ಆಡೋದು ಟ್ರಿಪಲ್-ಎ ಮಟ್ಟದಲ್ಲಿ, ಅಂದ್ರೆ ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗೆ. ‘ನಮ್ಮ ರಣಜಿ ಇದ್ದ ಹಾಗೆ’ ಅಂತ ಫೋನಿನಲ್ಲಿ ಅಪ್ಪನಿಗೆ ಹೇಳಿದ್ದೆ. ತಪ್ಪು ಹೋಲಿಕೆ. ರಣಜಿಯಲ್ಲಿ ಕರ್ನಾಟಕ ಆಡೋದು ಕಪ್ ಗೆಲ್ಲೋಕೆ. ಬುಲ್ಸ್ ಮಾತ್ರ 1998ರಿಂದ ಟ್ಯಾಂಪಾ ಬೇ ರೇಸ್‌ನ ಕೈಕೆಳಗಿನ ತಂಡ. ಹುಡುಗರ ಒಪ್ಪಂದ ಇರೋದು ರೇಸ್ ಜೊತೆ. ಯಾರು ಆಡಬೇಕು, ಯಾರು ಮೇಲೆ ಹೋಗಬೇಕು, ಯಾರನ್ನ ಮನೆಗೆ ಕಳಿಸಬೇಕು ಅನ್ನೋದೆಲ್ಲ ಅವರದೇ ತೀರ್ಮಾನ. ಹೀಗೆ ನಾಲ್ಕು ಮಟ್ಟದಲ್ಲಿ 120 ತಂಡಗಳಿವೆ. ಮೇಲಿರೋದು 30 ತಂಡ, ತಂಡಕ್ಕೆ 26 ಜನ. ಒಟ್ಟು 780 ಸೀಟು. ಸಿಇಟಿ ಕೌನ್ಸೆಲಿಂಗೇ ವಾಸಿ.

ನನ್ನ ಪಕ್ಕದ ಸೀಟಿಗೆ ಕಾಯಂ ಬರೋದು ಒಬ್ಬ ಅಜ್ಜ. ಹೈಸ್ಕೂಲ್‌ನಲ್ಲಿ ಬೇಸ್‌ಬಾಲ್ ಕೋಚ್ ಆಗಿದ್ದು ರಿಟೈರ್ ಆದವರು. ಒಂದು ಸಂಜೆ ನನ್ನ ಶೀಟ್ ತೋರಿಸಿದೆ. ಎಲ್ಲ ಆಟಗಾರರನ್ನ ಬ್ಯಾಟಿಂಗ್ ಸರಾಸರಿ ಪ್ರಕಾರ ಸಾರ್ಟ್ ಮಾಡಿದ್ದೆ. ಮೇಲಿದ್ದವನದು 0.310, ಕೆಳಗಿದ್ದ ಶಾರ್ಟ್‌ಸ್ಟಾಪ್ ಹುಡುಗನದು 0.240. ಅಜ್ಜ ಫೋನನ್ನ ದೂರ ಹಿಡಿದು ನೋಡಿ, ‘ವಯಸ್ಸಿನ ಕಾಲಂ ಎಲ್ಲಿ?’ ಅಂದರು. ಇರಲಿಲ್ಲ. ಮೇಲಿದ್ದವನಿಗೆ 29, ಕೆಳಗಿದ್ದವನಿಗೆ 20. ‘ಈ 20ರ ಹುಡುಗ ತನಗಿಂತ ಏಳೆಂಟು ವರ್ಷ ದೊಡ್ಡವರ ಚೆಂಡು ಎದುರಿಸ್ತಿದ್ದಾನೆ. ಆ 29ರವನು ಆಗಲೇ ತನ್ನ ಎತ್ತರಕ್ಕೆ ಬೆಳೆದಾಗಿದೆ. ಇವನಿನ್ನೂ ಬೆಳೀತಿದ್ದಾನೆ’ ಅಂದರು. ವಯಸ್ಸಿನ ಕಾಲಂ ಹಾಕಿದ ಕೂಡಲೇ ನನ್ನ ಪಟ್ಟಿ ಹೆಚ್ಚೂ ಕಡಿಮೆ ತಲೆಕೆಳಗಾಯ್ತು.

ಆಮೇಲೆ ಅವರು 20–80 ಅಳತೆ ಹೇಳಿಕೊಟ್ಟರು. ಸ್ಕೌಟ್‌ಗಳು ನೂರಕ್ಕೆ ಅಂಕ ಕೊಡಲ್ಲ. ಬ್ಯಾಟಿಗೆ ಚೆಂಡು ತಾಗಿಸೋದು, ದೂರ ಹೊಡೆಯೋದು, ಓಟ, ಫೀಲ್ಡಿಂಗ್, ಎಸೆತ, ಈ ಐದಕ್ಕೂ 20ರಿಂದ 80ರೊಳಗೆ ಬೇರೆ ಬೇರೆ ಅಂಕ ಕೊಡ್ತಾರೆ. 50 ಅಂದ್ರೆ ಮೇಜರ್ ಲೀಗ್‌ನ ಸರಾಸರಿ ಆಟಗಾರ. ಅಲ್ಲಿಂದ 10 ಅಂಕ ಆಚೀಚೆ ಆದರೆ ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್ ಲೆಕ್ಕ. 35 ಬಂದ್ರೆ ಪಾಸ್ ಅಂತ ಬೆಳೆದ ನನಗೆ ಇದು ತಲೆಗೆ ಹೋಗೋಕೆ ಸಮಯ ಬೇಕಾಯ್ತು. ಇಲ್ಲಿ 40 ಅಂದ್ರೆ ಫೇಲ್ ಅಲ್ಲ, ಜಗತ್ತಿನ ಕೆಲವೇ ನೂರು ಜನಕ್ಕೆ ಹೋಲಿಸಿದಾಗ ಸ್ವಲ್ಪ ಹಿಂದೆ, ಅಷ್ಟೇ. ಓಟಕ್ಕೆ ಸ್ಟಾಪ್‌ವಾಚ್ ಇದೆ: ಬಲಗೈ ಬ್ಯಾಟ್ಸ್‌ಮನ್ 90 ಅಡಿ ಓಡಿ ಮೊದಲ ಬೇಸ್ ಮುಟ್ಟೋಕೆ ಸುಮಾರು 4.3 ಸೆಕೆಂಡ್ ತಗೊಂಡರೆ 50. ಎಡಗೈಯವನು ಬೇಸ್‌ಗೆ ಒಂದೆರಡು ಹೆಜ್ಜೆ ಹತ್ತಿರ ನಿಂತಿರ್ತಾನೆ, ಹಾಗಾಗಿ ಅವನಿಗೆ 4.2. ಉಳಿದದ್ದಕ್ಕೆಲ್ಲ ಕಣ್ಣೇ ಗತಿ. ಈಗ ಕ್ಯಾಮೆರಾ, ಡೇಟಾ ಎಲ್ಲ ಬಂದಿದೆ, ಆದರೂ ಎರಡು ಸ್ಟ್ರೈಕ್ ಬಿದ್ದ ಮೇಲೆ ಹುಡುಗನ ಕಾಲು ಹೇಗೆ ನಿಲ್ಲುತ್ತೆ ಅನ್ನೋದನ್ನ ಅಜ್ಜ ಕಣ್ಣಿಂದಲೇ ಓದ್ತಾರೆ.

ನನ್ನನ್ನ ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಪ್ರತಿ ಗುಣಕ್ಕೂ ಎರಡು ಅಂಕ ಇರುತ್ತೆ. ಈಗಿನದೊಂದು, ಮುಂದೆ ಆಗಬಹುದಾದದ್ದೊಂದು. 40/55. ಎರಡರ ನಡುವೆ ಒಂದು ಗೀಟು.

ಜೂನ್‌ನ ಒಂದು ರಾತ್ರಿ 22 ವರ್ಷದ ಎಡಗೈ ಪಿಚರ್ ಒಬ್ಬ ಚೆನ್ನಾಗಿ ಹೊಡೆಸಿಕೊಂಡ. ನಾಲ್ಕು ಇನ್ನಿಂಗ್ಸ್‌ಗೆ ಆರು ರನ್. ನನ್ನ ಶೀಟಿನಲ್ಲಿ ಅವನ ಸಾಲಿಗೆ ಕೆಂಪು ಬಣ್ಣ ಹಾಕಿದೆ. ಅಜ್ಜ ಮಾತ್ರ ಖುಷಿಯಾಗಿದ್ದರು. ‘ಎಷ್ಟು ಚೇಂಜಪ್ ಹಾಕಿದ, ಎಣಿಸಿದ್ಯಾ?’ ಅಂತ ಕೇಳಿದರು. ಚೇಂಜಪ್ ಅಂದ್ರೆ ನಮ್ಮ ಕ್ರಿಕೆಟ್‌ನ ಸ್ಲೋವರ್ ಬಾಲ್ ಥರ. ಕೈ ಅದೇ ವೇಗದಲ್ಲಿ ಬೀಸಬೇಕು, ಚೆಂಡು ಮಾತ್ರ ನಿಧಾನ ಬರಬೇಕು. ಈ ಹುಡುಗನ ಹತ್ರ ಫಾಸ್ಟ್‌ಬಾಲ್, ಸ್ಲೈಡರ್ ಎರಡೂ ಜೋರು. ಆದರೆ ಎರಡೇ ಅಸ್ತ್ರ ಇದ್ದರೆ ಬ್ಯಾಟ್ಸ್‌ಮನ್‌ಗಳು ಮೂರನೇ ಸಲ ಎದುರಾದಾಗ ಗುಟ್ಟು ರಟ್ಟಾಗಿರುತ್ತೆ. ಮೂರನೆಯದು ಕಲಿಯದಿದ್ದರೆ ಅವನು ಒಂದೆರಡು ಇನ್ನಿಂಗ್ಸ್‌ನ ಬೌಲರ್ ಆಗೇ ಉಳೀತಾನೆ. ಹಾಗಾಗಿ ಬರದಿರೋ ಚೆಂಡನ್ನೇ ಹಾಕು ಅಂತ ಮೇಲಿನಿಂದ ಹೇಳಿರ್ತಾರೆ. ಅವನು ಹಾಕ್ತಾನೆ, ಹೊಡೆಸಿಕೊಳ್ತಾನೆ. ಸ್ಕೋರ್‌ಬೋರ್ಡ್‌ನಲ್ಲಿ ಬರೋದು ಆರು ರನ್ ಮಾತ್ರ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದಕ್ಕೆ ಆರು ತಿಂಗಳ ಹಿಂದೆ ನಾನೂ ಒಬ್ಬ ಹುಡುಗನ ಸಾಲಿಗೆ ಕೆಂಪು ಬಣ್ಣ ಹಾಕಿದ್ದೆ. ಬೆಂಗಳೂರು ಟೀಮಿನವನು, ಹಾಸನದ ಕಡೆಯವನು, ಕಾಲ್ ಮುಗಿದ ಮೇಲೆ ಎಲ್ಲರೂ ಹೋದ್ರಾ ಅಂತ ನೋಡ್ಕೊಂಡು ‘ಅಣ್ಣಾ, ಒಂದು ಡೌಟು’ ಅಂತಿದ್ದ. ಜಾವಾದಲ್ಲಿ ಕೆಲಸ ಅಚ್ಚುಕಟ್ಟು. ಡೇಟಾ ಪೈಪ್‌ಲೈನ್‌ಗೆ ಜನ ಬೇಕಾದಾಗ ಅವನನ್ನ ಆ ಕಡೆ ತಳ್ಳಿದ್ದು ನಾನೇ. ಅವನು ಕೇಳಿರಲಿಲ್ಲ. ಮೂರು ತಿಂಗಳಲ್ಲಿ ಎರಡು ಸಲ ಪ್ರೊಡಕ್ಷನ್ ಬಿತ್ತು, ಎರಡೂ ಸಲ ಅವನ ಕೋಡ್. ಅಪ್ರೈಸಲ್ ಫಾರ್ಮ್‌ನಲ್ಲಿ ಇದ್ದದ್ದು ಒಂದೇ ಬಾಕ್ಸ್. ‘ನಿರೀಕ್ಷೆಗಿಂತ ಕಡಿಮೆ’ ಅಂತ ಆರಿಸಿದೆ. ನಂಬರ್ ಹಾಗೇ ಹೇಳ್ತಿತ್ತು, ನಾನೇನು ಮಾಡ್ಲಿ ಅಂದ್ಕೊಂಡೆ. ಮಾರ್ಚ್‌ನಲ್ಲಿ ಜನ ಕಡಿಮೆ ಮಾಡೋ ಪಟ್ಟಿ ಬಂದಾಗ ಅದರಲ್ಲಿ ಅವನ ಹೆಸರಿತ್ತು. ಫೇರ್‌ವೆಲ್ ಮೇಲ್‌ನಲ್ಲಿ ಎಲ್ಲರಿಗಿಂತ ಮೊದಲು ನನಗೆ ಥ್ಯಾಂಕ್ಸ್ ಹೇಳಿದ್ದ.

ಮಾರನೇ ವಾರ ಇದನ್ನ ಅಜ್ಜನಿಗೆ ಹೇಳಿದೆ. ಅವರು ಸಮಾಧಾನ ಹೇಳಲಿಲ್ಲ. ‘ಸ್ಕೌಟ್‌ಗಳೂ ತಪ್ಪು ಮಾಡ್ತಾರೆ, ಆದರೆ ತಪ್ಪು ಮಾಡಿದ್ದು ಯಾರು ಅಂತ ರಿಪೋರ್ಟಿನ ಮೇಲೆ ಹೆಸರಿರುತ್ತೆ’ ಅಂದರು, ಅಷ್ಟೇ.

ತಪ್ಪುಗಳಿಗೇನು ಬರ ಇಲ್ಲ. ‘ಮನಿಬಾಲ್’ ಸಿನಿಮಾದಲ್ಲಿ ಬ್ರಾಡ್ ಪಿಟ್ ಮಾಡಿದ ಪಾತ್ರದ ಅಸಲಿ ವ್ಯಕ್ತಿ ಬಿಲ್ಲಿ ಬೀನ್. 1980ರಲ್ಲಿ ಮೆಟ್ಸ್ ತಂಡ ಅವರನ್ನ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಆರಿಸಿತ್ತು. ಎತ್ತರ, ಓಟ, ತೋಳಿನ ಬಲ, ಸ್ಕೌಟ್‌ಗಳು ಬಯಸೋದೆಲ್ಲ ಇತ್ತು. ಮೇಜರ್ ಲೀಗ್‌ನಲ್ಲಿ ಕೊನೆಗೆ ಉಳಿದದ್ದು 0.219 ಸರಾಸರಿ. ಇದೇ ಡರ್ಹಮ್‌ನಲ್ಲಿ ಆಡಿ ಹೋದ ಕೆವಿನ್ ಕೀರ್‌ಮೈಯರ್ ಕಥೆ ಉಲ್ಟಾ. 2010ರ ಡ್ರಾಫ್ಟ್‌ನಲ್ಲಿ 31ನೇ ಸುತ್ತಿನ ತನಕ ಯಾರೂ ಕರೆಯಲಿಲ್ಲ. ಬ್ಯಾಟಿಂಗ್ ಸಾಧಾರಣ, ಆದರೆ ಸೆಂಟರ್ ಫೀಲ್ಡ್‌ನಲ್ಲಿ ಓಡಿ ಹಿಡಿಯೋದರಲ್ಲಿ ಅವರನ್ನ ಮೀರಿಸಿದವರು ಕಡಿಮೆ. ನಾಲ್ಕು ಗೋಲ್ಡ್ ಗ್ಲೋವ್ ಗೆದ್ದರು. ಐದು ಗುಣಕ್ಕೆ ಐದು ಅಂಕ ಇದ್ದದ್ದಕ್ಕೆ ಅಂಥವರೂ ಎಲ್ಲೋ ಒಂದು ಕಾಲಂನಲ್ಲಿ ಕಾಣ್ತಾರೆ. ಈಗ ಡ್ರಾಫ್ಟ್ 20 ಸುತ್ತಿಗೇ ಮುಗಿಯುತ್ತೆ. ಇವತ್ತಾಗಿದ್ದರೆ ಅವರ ಹೆಸರು ಕರೆಯೋಕೆ 31ನೇ ಸುತ್ತೇ ಇರ್ತಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಆ ಎಡಗೈ ಹುಡುಗ ಮತ್ತೆ ಬಂದ. ಚೇಂಜಪ್‌ಗೆ ಇಬ್ಬರು ಸತತವಾಗಿ ಬೇಗ ಬ್ಯಾಟ್ ಬೀಸಿ ಔಟಾದರು. ಮೂರನೆಯವನು ಅದನ್ನೇ ಗೋಡೆ ಆಚೆ ಕಳಿಸಿದ. ಹೊಡೆದದ್ದು ಎದುರಾಳಿ, ಗೂಳಿ ಸುಮ್ಮನೆ ನಿಂತಿತ್ತು. ಅಜ್ಜ ನೋಟ್‌ಬುಕ್ ತೆಗೆದು ಏನೋ ತಿದ್ದಿದರು. ನಾನು ಇಣುಕಿ ನೋಡಿದೆ. 35/50 ಇದ್ದದ್ದು 40/50 ಆಗಿತ್ತು. ನಾಲ್ಕು ತಿಂಗಳಿಗೆ ಐದು ಅಂಕ.

ಮನೆಗೆ ಬಂದು ಹಾಸನದ ಹುಡುಗನಿಗೆ ವಾಟ್ಸಾಪ್ ಮಾಡಿದೆ. ನಾಲ್ಕು ಸಲ ಬರೆದು ಅಳಿಸಿ, ಕೊನೆಗೆ ನೇರವಾಗಿ ಬರೆದೆ: ಆ ರೇಟಿಂಗ್ ಕೊಟ್ಟಿದ್ದು ನಾನು, ನಿನ್ನನ್ನ ಹೊಸ ಕೆಲಸಕ್ಕೆ ಹಾಕಿದ್ದೂ ನಾನೇ, ಅದನ್ನ ಫಾರ್ಮ್‌ನಲ್ಲಿ ಬರೀಲಿಲ್ಲ. ಬೆಂಗಳೂರಿನಲ್ಲಿ ಆಗ ಬೆಳಗ್ಗೆ. ಎರಡು ನೀಲಿ ಟಿಕ್ ಬಂದು ಅರ್ಧ ಗಂಟೆ ಏನೂ ಬರಲಿಲ್ಲ. ಆಮೇಲೆ ಬಂತು: ‘ಗೊತ್ತಿತ್ತು ಅಣ್ಣ. ಆಗ್ಲೇ ಹೇಳಿದ್ರೆ ಚೆನ್ನಾಗಿರ್ತಿತ್ತು. ನಾಲ್ಕು ತಿಂಗಳು ಖಾಲಿ ಕೂತಿದ್ದೆ. ಈಗ ಇನ್ನೊಂದು ಕಂಪನಿ, ಪೈಪ್‌ಲೈನ್ ಕೆಲಸಾನೇ.’

ಏನು ಉತ್ತರ ಬರೀಬೇಕೋ ತಿಳಿಯಲಿಲ್ಲ. ‘ಸಾರಿ ಕಣೋ’ ಅಂತ ಬರೆದೆ. ಅವನು ಒಂದು ಥಮ್ಸ್ ಅಪ್ ಹಾಕಿದ.

ಈ ವರ್ಷದ ಅಪ್ರೈಸಲ್ ಫಾರ್ಮ್ ಬಂದಿದೆ. ಈಗಲೂ ಒಂದೇ ಬಾಕ್ಸ್. ಕೆಳಗೆ ಕಾಮೆಂಟ್ ಜಾಗದಲ್ಲಿ ಪ್ರತಿಯೊಬ್ಬರಿಗೂ ಎರಡೆರಡು ಅಂಕ, ಅದರ ಕಾರಣ, ಕೊನೆಯಲ್ಲಿ ನನ್ನ ಹೆಸರು ಬರೆದು ಕಳಿಸಿದೆ. ನಿನ್ನೆ ಎಚ್‌ಆರ್‌ನಿಂದ ಮೇಲ್: ‘40/55 ಅಂದ್ರೆ ಏನು? ಟೈಪಿಂಗ್ ಮಿಸ್ಟೇಕಾ?’ ಇವತ್ತು ಮಧ್ಯಾಹ್ನ ಮೂರಕ್ಕೆ ಕಾಲ್ ಇಟ್ಟಿದ್ದಾರೆ.