ಎರವಲು ಆತಿಥ್ಯ

ಭೋಜನಕ್ಕೆ ರುಚಿಯನ್ನು ಕೊಡತಕ್ಕ ಸಂಗತಿಗಳು ಅನೇಕ. ಹಸಿವು, ಪಾಕ, ಬಡಿಸುವವರ ಆದರ, ಉಣ್ಣುವವರ ನಿರಾತಂಕ ಇವೆಲ್ಲವೂ ಕೂಡಿದರೆ ಗಂಜಿಯೂ ಮೃಷ್ಟಾನ್ನವಾಗುವುದು. ಈಚೆಗೆ ಇವುಗಳ ಸಾಲಿನಲ್ಲಿ ಕೀರ್ತಿಯೂ ಬಂದು ಕುಳಿತಿದೆ. ಸಾವಿರ ಮಂದಿ ಕಾದುನಿಂತು ಉಂಡುದು ರುಚಿಯಾಗಿಯೇ ಇರಬೇಕೆಂಬ ನಂಬಿಕೆಯು ಎಲ್ಲ ದೇಶಗಳಲ್ಲಿಯೂ ಹರಡಿದೆ. ಈ ನಂಬಿಕೆಯಿಂದ ಒಂದು ಕುಟುಂಬಕ್ಕೆ ಆದ ಲಾಭವೆಷ್ಟೆಂಬುದು ವಿಚಾರಾರ್ಹವಾಗಿದೆ.

ತೈವಾನ್ ದ್ವೀಪದ ಷಿನ್‌ಚು ಪಟ್ಟಣದಲ್ಲಿ 1980ರಲ್ಲಿ ಸ್ಥಾಪಿತವಾದ ವಿಜ್ಞಾನೋದ್ಯಾನವೊಂದುಂಟು. ಗಣಕಯಂತ್ರಗಳಿಗೆ ಬೇಕಾದ ಚಿಪ್ಪುಗಳಿಗೆ ಅದು ಜಗತ್ಪ್ರಸಿದ್ಧವಾಗಿದೆ. ಅಲ್ಲಿ ಎಂಜಿನಿಯರಾಗಿರುವ ಸಕಲೇಶಪುರದ ಕಡೆಯ ತರುಣನೊಬ್ಬನು ತನ್ನ ತಂದೆತಾಯಿಗಳನ್ನು ಕರೆಯಿಸಿಕೊಂಡನು. ವೃದ್ಧರು ಸಮುದ್ರವನ್ನು ದಾಟಿ ಬಂದುದು ದೇಶವನ್ನು ನೋಡುವುದಕ್ಕಲ್ಲ. ಮಗನು ಏನನ್ನು ಉಣ್ಣುತ್ತಾನೆ, ಹೇಗಿದ್ದಾನೆ ಎಂಬುದನ್ನು ಕಣ್ಣಾರೆ ಕಾಣುವುದಕ್ಕೆ. ಮಗನಾದರೋ ಅವರಿಗೆ ಅತ್ಯುತ್ತಮವಾದುದನ್ನೇ ಉಣ್ಣಿಸಬೇಕೆಂದು ಬಗೆದು, ರಾಜಧಾನಿಯಾದ ತೈಪೆಯ ಹೆಸರಾಂತ ಭೋಜನಾಲಯವೊಂದಕ್ಕೆ ಕರೆದೊಯ್ದನು.

ಆ ಭೋಜನಾಲಯಕ್ಕೆ ಹೆಸರು ತಂದುದು ಬಿದಿರಿನ ಸಣ್ಣ ಬುಟ್ಟಿಯಲ್ಲಿ ಹಬೆಯಿಂದ ಬೇಯಿಸುವ ಒಂದು ಬಗೆಯ ಕಡುಬು. ಇದರ ತವರು ಶಾಂಘೈ ಸೀಮೆ. 1949ರಲ್ಲಿ ಚೀನದ ರಾಷ್ಟ್ರೀಯ ಪಕ್ಷದ ಸರ್ಕಾರವು ತೈವಾನಿಗೆ ಸರಿದಾಗ, ಅದರೊಡನೆ ಬಂದ ಜನರು ತಮ್ಮ ತಮ್ಮ ಪ್ರಾಂತಗಳ ಅಡಿಗೆಗಳನ್ನೂ ತಂದರು. ಮಾಂಸದ ಹೂರಣದೊಡನೆ ಹೆಪ್ಪುಗಟ್ಟಿಸಿದ ಸಾರನ್ನು ಸೇರಿಸುತ್ತಾರೆ. ಬೇಯುವಾಗ ಅದು ಕರಗಿ ತೆಳುವಾದ ಹೊದಿಕೆಯೊಳಗೆ ನಿಲ್ಲುವುದು. ಇದೇ ಅದರ ಚಮತ್ಕಾರ. ಸಸ್ಯಾಹಾರಿಗಳಿಗೆ ಸೊಪ್ಪು ಅಣಬೆಗಳ ಕಡುಬು ಬೇರೆಯಾಗಿ ದೊರೆಯುವುದಾದರೂ ಆ ಚಮತ್ಕಾರವು ಅದರಲ್ಲಿಲ್ಲ. ಹೀಗೆ ಯಾವುದಕ್ಕಾಗಿ ಜನವೆಲ್ಲ ಮುತ್ತಿದ್ದರೋ ಅದು ಈ ಮೂವರ ಪಾಲಿನದಾಗಿರಲಿಲ್ಲ.

ಬಾಗಿಲಲ್ಲಿ ಅಂಕಿಯ ಚೀಟಿಯನ್ನು ಕೊಟ್ಟರು. ಎರಡು ಗಂಟೆಯ ಕಾಲ ಬೀದಿಯಲ್ಲಿ ನಿಂತದ್ದಾಯಿತು. ತಾಯಿಯು ಮೊಣಕಾಲನ್ನು ಒತ್ತಿಕೊಳ್ಳುತ್ತ, ಕೇಳಿದಾಗಲೆಲ್ಲ ನೋವಿಲ್ಲವೆಂದೇ ಹೇಳಿದರು. ಒಳಗೆ 90 ನಿಮಿಷಗಳಿಗಿಂತ ಹೆಚ್ಚು ಕುಳಿತಿರಕೂಡದೆಂಬ ನಿಯಮ. ಬುಟ್ಟಿಯು ಬರುವ ವೇಳೆಗೆ ಕಡುಬು ಆರಿ, ಹೊದಿಕೆಯು ಕಾಗದಕ್ಕೆ ಅಂಟಿಕೊಂಡು ಹರಿದುಹೋಗುತ್ತಿತ್ತು. ಕಾದು ನಿಂತವರ ದೃಷ್ಟಿಯು ಉಣ್ಣುವವರ ಬೆನ್ನಮೇಲಿತ್ತು.

“ಚೆನ್ನಾಗಿದೆಯಪ್ಪಾ” ಎಂದರು ತಂದೆ. ಎರಡನೆಯ ಕಡುಬಿಗೆ ಅವರ ಕೈ ಹೋಗಲಿಲ್ಲ.

“ನೀನು ದಿನಾ ಊಟಮಾಡುವುದು ಇಂಥ ಕಡೆಯೇ ಏನೋ?” ಎಂದು ತಾಯಿ ಕೇಳಿದರು.

“ಇಲ್ಲಮ್ಮ. ನಾನೂ ಇದೇ ಮೊದಲ ಸಲ ಬಂದದ್ದು.”

ತಾಯಿಯು ಮತ್ತೇನನ್ನೂ ಕೇಳಲಿಲ್ಲ. ಮಗನಿಗೆ ಉಂಡುದು ಗಂಟಲಲ್ಲಿ ಇಳಿಯದಾಯಿತು.

ಇದರಲ್ಲಿ ಅಡಿಗೆಯವರನ್ನು ದೂರುವುದು ನ್ಯಾಯವಲ್ಲ. ಅಷ್ಟು ಜನಕ್ಕೆ ಬಡಿಸಬೇಕಾದ ಕಡೆ ಗಡಿಯಾರವೇ ಯಜಮಾನನಾಗುವುದು, ಅತಿಥಿಯು ಅಂಕಿಯಾಗುವನು.

ಮರುದಿನ ಮಗನು ಅವರನ್ನು ತನ್ನ ಬಿಡಾರದ ಹತ್ತಿರದ ಚಿಕ್ಕ ಅಂಗಡಿಗೆ, ಸ್ವಲ್ಪ ಸಂಕೋಚದಿಂದಲೇ, ಕರೆದುಕೊಂಡು ಹೋದನು. ಆ ದೇಶದಲ್ಲಿ ಬೌದ್ಧ ಸಂಪ್ರದಾಯದ ಸಸ್ಯಾಹಾರಕ್ಕೆ ‘ಸು’ ಎಂಬ ಅಕ್ಷರವೇ ಗುರುತು. ಆ ಸಂಪ್ರದಾಯದವರು ಈರುಳ್ಳಿ ಬೆಳ್ಳುಳ್ಳಿಗಳನ್ನೂ ವರ್ಜಿಸುತ್ತಾರೆ. ಬೇಕಾದುದನ್ನು ತಾವೇ ಬಡಿಸಿಕೊಂಡು, ತಟ್ಟೆಯನ್ನು ತೂಗಿಸಿ ಹಣ ಕೊಡುವ ಪದ್ಧತಿ. ಅಲ್ಲಿ ತುಪ್ಪದ ಹೀರೆಯ ಪಲ್ಯವಿತ್ತು, ಗೆಣಸಿನ ಸೊಪ್ಪಿತ್ತು, ಕಳಲೆಯೂ ಇತ್ತು. ಮಲೆನಾಡಿನ ತಾಯಿಯು ಕಳಲೆಯನ್ನು ಕಂಡು ಬೆರಗಾದರು. ಅಂಗಡಿಯ ಮುದುಕಿಯು ಮಗನನ್ನು ಕಂಡೊಡನೆ, ಕೇಳದೆಯೇ ಅವನ ಬಟ್ಟಲಿಗೆ ಸಾರನ್ನು ತುಂಬಿ, ಏನೋ ಗದರಿದಳು.

“ಏನಂತೋ?”

“ನಿನ್ನೆ ಯಾಕೆ ಬರಲಿಲ್ಲ, ಊಟಮಾಡಿದ್ದೆಯೋ ಇಲ್ಲವೋ ಅಂತ ಕೇಳುತ್ತಾಳಮ್ಮ.”

ತಾಯಿಯು ಆ ಮುದುಕಿಗೆ ಕೈಮುಗಿದರು. ತಂದೆಯು ಮತ್ತೊಮ್ಮೆ ಅನ್ನವನ್ನು ಹಾಕಿಸಿಕೊಂಡರು; ಚೆನ್ನಾಗಿದೆಯೆಂದು ಬಾಯಲ್ಲಿ ಹೇಳುವ ಪ್ರಮೇಯವೇ ಬರಲಿಲ್ಲ.

ಬಂದವರಿಗೆ ಊರಿನ ಕೀರ್ತಿಯನ್ನು ಉಣಬಡಿಸಬೇಕೆಂಬ ಹಂಬಲವು ಪ್ರೀತಿಯಿಂದಲೇ ಹುಟ್ಟುವುದು, ದಿಟ. ಆದರೆ ಆ ಕೀರ್ತಿಯು ಪರರ ಸೊತ್ತು; ಅದನ್ನು ಎರವಲು ತಂದು ಸತ್ಕರಿಸಿದರೆ ಅತಿಥಿಯು ಪರರ ಮನೆಯಲ್ಲಿಯೇ ಉಳಿದುಬಿಡುವನು. ಹಡೆದವರು ದೂರದಿಂದ ಬರುವುದು ಮಗನ ದಿನದ ತುತ್ತಿನಲ್ಲಿ ಒಂದು ಪಾಲನ್ನು ಬಯಸಿ. ಆ ತುತ್ತು ಎಷ್ಟೇ ಸಾಮಾನ್ಯವಾಗಿರಲಿ, ಅದನ್ನು ಮರೆಮಾಡಿದ ಔತಣವು ಅವರಿಗೆ ಉಪವಾಸವೇ ಸರಿ.