ಚೌಕಟ್ಟುಗಳ ನಡುವಿನ ಬಯಲು

ಪದಗಳಲ್ಲಿ ಬರೆದ ಕಾದಂಬರಿಯನ್ನು ತೆರೆಗೆ ತರುವ ನಿರ್ದೇಶಕ ಪಾತ್ರದ ಮುಖ, ಉಡುಗೆ, ಮನೆ, ಬೀದಿ, ಬೆಳಕು ಎಲ್ಲವನ್ನೂ ಹೊಸದಾಗಿ ಕಲ್ಪಿಸಿಕೊಳ್ಳಬೇಕು. ಗ್ರಾಫಿಕ್ ಕಾದಂಬರಿಯಲ್ಲಿ ಇವೆಲ್ಲವೂ ಕಲಾವಿದನ ಕೈಯಿಂದ ಮೊದಲೇ ಸಿದ್ಧವಾಗಿರುತ್ತವೆ. ಆದ್ದರಿಂದಲೇ ಅದನ್ನು ಸಿನಿಮಾ ಮಾಡುವುದು ಸುಲಭವೆಂಬ ಭಾವನೆ ಚಿತ್ರೋದ್ಯಮದಲ್ಲಿ ಬೇರೂರಿದೆ. ಆದರೂ ಅಪಾರ ಹಣ ಸುರಿದು ತೆಗೆದ ಇಂಥ ಹಲವು ಚಿತ್ರಗಳ ಬಗ್ಗೆ ಮೂಲಕೃತಿಯ ಓದುಗರ ಅತೃಪ್ತಿ ಒಂದೇ ಬಗೆಯದು: ಚಿತ್ರಗಳು ಅವೇ ಇವೆ, ಪುಸ್ತಕ ಮಾತ್ರ ಕಾಣೆಯಾಗಿದೆ. ಹಾಗೆ ಕಾಣೆಯಾಗುವುದು ಯಾವುದು ಎಂಬ ಪ್ರಶ್ನೆಯನ್ನು ಹಿಡಿದು ಸಾಹಿತ್ಯದ ವಿದ್ಯಾರ್ಥಿಯೊಬ್ಬ ದೂರ ಹೋಗಬೇಕಿಲ್ಲ. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ಈ ನಾಲ್ಕು ತಾಲ್ಲೂಕುಗಳನ್ನು ಇದೇ ಕ್ರಮದಲ್ಲಿ ಒಮ್ಮೆ ಸುತ್ತಿ ಬಂದರೆ ಉತ್ತರದ ಎಳೆಗಳು ಅವನಿಗೆ ಸಿಗುತ್ತವೆ.

ಕೃಷ್ಣರಾಜಪೇಟೆಗೆ ಹೊಂದಿಕೊಂಡಂತೆಯೇ ಇರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ 13ನೆಯ ಶತಮಾನದ ಹೊಯ್ಸಳ ಶಿಲ್ಪದ ತ್ರಿಕೂಟ. ಅದರ ಹೊರಗೋಡೆಯ ಬುಡದಲ್ಲಿ ಆರು ಪಟ್ಟಿಕೆಗಳು ಒಂದರ ಮೇಲೊಂದು ಸುತ್ತುವರಿದಿವೆ. ಆನೆಗಳ ಸಾಲು, ಕುದುರೆ ಸವಾರರ ಸಾಲು, ಬಳ್ಳಿಯ ಸುರುಳಿ. ಇವುಗಳ ಮೇಲೆ ಕಥಾಪಟ್ಟಿಕೆ. ಅದರ ಮೇಲೆ ಮಕರಗಳು, ಹಂಸಗಳು. ನಾಲ್ಕನೆಯದಾದ ಕಥಾಪಟ್ಟಿಕೆಯಲ್ಲಿ ರಾಮಾಯಣ, ಮಹಾಭಾರತ, ಭಾಗವತದ ಪ್ರಸಂಗಗಳಿವೆ. ಇವನ್ನು ಓದಬೇಕಾದವನು ಪ್ರದಕ್ಷಿಣೆ ಬರಬೇಕು. ಒಂದೇ ಪಾತ್ರ ಹತ್ತು ಹೆಜ್ಜೆಯೊಳಗೆ ಮೂರು ನಾಲ್ಕು ಸಲ ಕಾಣಿಸಿಕೊಳ್ಳುತ್ತದೆ. ಒಂದೆಡೆ ಬಿಲ್ಲು ಎತ್ತಿದ ವೀರ, ಮುಂದಿನ ಹೆಜ್ಜೆಗೆ ಬಿದ್ದಿರುವ ಶತ್ರು. ಬಾಣ ಹಾರಿದ ಕ್ಷಣವನ್ನು ಶಿಲ್ಪಿ ಎಲ್ಲಿಯೂ ಕಡೆದಿಲ್ಲ. ಅದು ನಡೆಯುವವನ ಮನಸ್ಸಿನಲ್ಲಿ, ಎರಡು ಹೆಜ್ಜೆಗಳ ನಡುವೆ ಸಂಭವಿಸುತ್ತದೆ.

ಚಿತ್ರಕಥನದ ಜೀವಾಳ ಇರುವುದು ಇಲ್ಲಿಯೇ. ಕಲ್ಲು ನಿಂತಿರುತ್ತದೆ, ಓದುಗ ಚಲಿಸುತ್ತಾನೆ. ಕಾಲದ ವೇಗವನ್ನು ನಿರ್ಧರಿಸುವವನೂ ಅವನೇ. ಬೇಕಾದರೆ ಒಂದು ಶಿಲ್ಪದ ಮುಂದೆ ಅರ್ಧ ಗಂಟೆ ನಿಲ್ಲಬಹುದು, ಬೇಡವೆನಿಸಿದರೆ ಒಂದು ಕಾಂಡವನ್ನೇ ದಾಟಿ ನಡೆಯಬಹುದು, ಮರೆತದ್ದನ್ನು ನೋಡಲು ಹಿಂತಿರುಗಿ ಬರಬಹುದು. ಅಮೆರಿಕದ ಚಿತ್ರಕಾರ ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಪ್ರಕಟಿಸಿದ ತನ್ನ ಕೃತಿಯಲ್ಲಿ ಕಾಮಿಕ್ಸ್ ಕಲೆಯ ಮರ್ಮವನ್ನು ಎರಡು ಚೌಕಟ್ಟುಗಳ ನಡುವಿನ ಬಿಳಿಯ ಜಾಗದಲ್ಲಿ ಗುರುತಿಸಿದ. ಆ ಬಯಲಿನಲ್ಲಿ ಓದುಗನೇ ಕಥೆಯನ್ನು ಪೂರ್ಣಗೊಳಿಸುತ್ತಾನೆ ಎಂಬುದು ಅವನ ವಾದ. ಹೊಸಹೊಳಲಿನ ಶಿಲ್ಪಿಗೆ ಈ ಪರಿಭಾಷೆ ಬೇಕಾಗಿರಲಿಲ್ಲ. ಏನನ್ನು ಕಡೆಯಬೇಕು ಎಂಬುದರಷ್ಟೇ ಏನನ್ನು ಬಿಡಬೇಕು ಎಂಬುದೂ ಅವನಿಗೆ ತಿಳಿದಿತ್ತು.

ಸಿನಿಮಾ ಈ ಸಂಬಂಧವನ್ನು ತಿರುವುಮುರುವು ಮಾಡುತ್ತದೆ. ಅಲ್ಲಿ ಪ್ರೇಕ್ಷಕ ಕುಳಿತಿರುತ್ತಾನೆ, ಚಿತ್ರ ಓಡುತ್ತದೆ. ಸೆಕೆಂಡಿಗೆ 24 ನಿಶ್ಚಲ ಚಿತ್ರಗಳು ಕಣ್ಣ ಮುಂದೆ ಹಾಯುತ್ತವೆ. ಅವುಗಳ ನಡುವೆಯೂ ಬಿಡುವು ಇದ್ದೇ ಇದೆ. ಆದರೆ ಆ ಬಿಡುವು ಯಾರಿಗೂ ಕಾಣದಂತೆ ಮರೆಸುವುದರಲ್ಲಿಯೇ ಈ ಕಲೆಯ ಯಶಸ್ಸು ಅಡಗಿದೆ. ಒಂದು ಕಲೆ ಬಿಡುವನ್ನು ಓದುಗನ ಕೈಗೆ ಕೊಡುತ್ತದೆ, ಇನ್ನೊಂದು ಅದನ್ನು ಕಣ್ಮರೆಸುತ್ತದೆ. ಇವೆರಡರ ನಡುವಣ ರೂಪಾಂತರ ಕೇವಲ ತಾಂತ್ರಿಕ ವ್ಯವಹಾರವಾಗಿ ಉಳಿಯಲಾರದು.

ಇದಕ್ಕೆ ನಿದರ್ಶನವನ್ನು ಹುಡುಕುವವರು ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಗೆ ಹೋಗಬಹುದು. ಎತ್ತರದ ಬ್ರಹ್ಮದೇವರ ಕಂಬದಿಂದ ಹೆಸರು ಪಡೆದ ಈ ಊರಿನ ಪಂಚಕೂಟ ಬಸದಿ ಗಂಗರ ಕಾಲದ ವಾಸ್ತುವಿಗೆ ಪ್ರಸಿದ್ಧವಾದುದು. ಅಲ್ಲಿಯ ಭುವನೇಶ್ವರಿಯಲ್ಲಿ, ಎಂದರೆ ಮಂಟಪದ ಒಳಮಾಳಿಗೆಯಲ್ಲಿ, ನಡುವಣ ಅಂಕಣವನ್ನು ಬಳಸಿ ಎಂಟು ದಿಕ್ಕುಗಳಿಗೆ ಎಂಟು ದಿಕ್ಪಾಲಕರು ತಮ್ಮ ತಮ್ಮ ಚೌಕಗಳಲ್ಲಿದ್ದಾರೆ. ತಲೆಯೆತ್ತಿ ನೋಡಿದವನಿಗೆ ಒಂಬತ್ತು ಚೌಕಗಳೂ ಒಟ್ಟಿಗೆ ಕಾಣುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಬಲವಂತವಿಲ್ಲ. ಇಡೀ ರಚನೆಯ ಸಮತೋಲವೇ ಅದರ ಅರ್ಥ.

ಅಲನ್ ಮೂರ್ ಮತ್ತು ಡೇವ್ ಗಿಬ್ಬನ್ಸ್ 1986–87ರಲ್ಲಿ ಹನ್ನೆರಡು ಸಂಚಿಕೆಗಳಲ್ಲಿ ಹೊರತಂದ ‘ವಾಚ್‌ಮೆನ್’ ಕೃತಿಯ ಪುಟವಿನ್ಯಾಸವೂ ಬಹುಮಟ್ಟಿಗೆ ಒಂಬತ್ತು ಚೌಕಗಳದೇ. ಅದರ ಒಂದು ಅಧ್ಯಾಯದಲ್ಲಿ ಮೊದಲ ಪುಟ ಕೊನೆಯ ಪುಟಕ್ಕೆ, ಎರಡನೆಯದು ಅದರ ಹಿಂದಿನದಕ್ಕೆ ಕನ್ನಡಿಯ ಬಿಂಬದಂತೆ ಹೊಂದುತ್ತಾ ನಡುಪುಟಗಳಲ್ಲಿ ಎರಡು ಅರ್ಧಗಳು ಸಂಧಿಸುತ್ತವೆ. ಪುಸ್ತಕವನ್ನು ಹಿಂದೆ ಮುಂದೆ ತಿರುವಿದವನಿಗಷ್ಟೇ ಈ ಬಂಧ ತಿಳಿಯುತ್ತದೆ. 2009ರಲ್ಲಿ ಜ್ಯಾಕ್ ಸ್ನೈಡರ್ ಇದನ್ನು ಭಾರಿ ವೆಚ್ಚದ ಚಿತ್ರವಾಗಿ ತೆಗೆದಾಗ ಎಷ್ಟೋ ಚೌಕಟ್ಟುಗಳನ್ನು ಇದ್ದುದು ಇದ್ದಂತೆಯೇ ತೆರೆಗೆ ತಂದರು. ಗೆರೆಗೆ ಗೆರೆ ನಿಷ್ಠೆಯಿತ್ತು, ಆದರೆ ಹಿಂದಕ್ಕೆ ತಿರುವುವ ಕೈ ಪ್ರೇಕ್ಷಕನಿಗೆ ಇರಲಿಲ್ಲ. ಮೂಲ ಲೇಖಕ ಮೂರ್ ಆ ಚಿತ್ರದಲ್ಲಿ ತನ್ನ ಹೆಸರೇ ಬೇಡವೆಂದ. ಅದೇ ನಿರ್ದೇಶಕ ಇದಕ್ಕೂ ಮೊದಲು ಫ್ರಾಂಕ್ ಮಿಲ್ಲರ್‌ನ ‘300’ ಕೃತಿಯನ್ನು ತೆರೆಗೆ ತಂದಿದ್ದರು. ನಟರು ಕೆನಡಾದ ಮಾಂಟ್ರಿಯಲ್‌ನಲ್ಲಿ ಬಹುಪಾಲು ನೀಲಿ ಪರದೆಯ ಮುಂದೆ ಕಾದಾಡಿದರು. ಆಕಾಶ, ಬಂಡೆ, ಸಮುದ್ರಗಳು ಕಂಪ್ಯೂಟರಿನಲ್ಲಿ ಆಮೇಲೆ ಸೇರಿದವು.

ಕಂಬದಹಳ್ಳಿಯಿಂದ ಶ್ರವಣಬೆಳಗೊಳ ಬಹಳ ದೂರವಿಲ್ಲ. 10ನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯ ಅಲ್ಲಿ ಕಡೆಯಿಸಿ ನಿಲ್ಲಿಸಿದ ಬಾಹುಬಲಿಯ ಹೆಸರು ಇಂದಿನ ಪ್ರೇಕ್ಷಕನಿಗೆ ಇನ್ನೊಂದು ಅರ್ಥವನ್ನೂ ಹೊಳೆಯಿಸುತ್ತದೆ. ರಾಯಚೂರು ಜಿಲ್ಲೆಯಲ್ಲಿ ಹುಟ್ಟಿದ ಎಸ್.ಎಸ್. ರಾಜಮೌಳಿ 2015 ಮತ್ತು 2017ರಲ್ಲಿ ಎರಡು ಭಾಗಗಳಾಗಿ ತೆರೆಗೆ ತಂದ ನೂರಾರು ಕೋಟಿ ರೂಪಾಯಿಗಳ ಚಿತ್ರದ ಹೆಸರು ಅದು. ಆ ಚಿತ್ರಗಳಿಗೆ ಆಧಾರವಾದ ಗ್ರಾಫಿಕ್ ಕಾದಂಬರಿ ಯಾವುದೂ ಇಲ್ಲ. ಆದರೆ ಬಾಲ್ಯದಲ್ಲಿ ಓದಿದ ಅಮರ ಚಿತ್ರಕಥೆಗಳು ತಮ್ಮ ಕಲ್ಪನೆಯನ್ನು ರೂಪಿಸಿದವೆಂದು ನಿರ್ದೇಶಕರೇ ಹೇಳಿಕೊಂಡಿದ್ದಾರೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ ಬೆಳೆದ ಆ ಮಾಲೆ ಭಾರತದ ಮಕ್ಕಳ ಕಣ್ಣಿಗೆ ರಾಜ, ರಥ, ಕೋಟೆಗಳ ಒಂದು ರೂಪವನ್ನು ಕೊಟ್ಟಿತ್ತು. ಚಿತ್ರಪುಸ್ತಕದಿಂದ ದೊಡ್ಡ ತೆರೆಗೆ ಕಲ್ಪನೆಯ ಪಯಣ ನಮ್ಮಲ್ಲಿ ನಡೆದದ್ದು ಬಹುಶಃ ಹೀಗೆ, ಒಂದು ತಲೆಮಾರಿನ ನೆನಪಿನ ಮೂಲಕ.

ಸಿನಿಮಾದ ಬಾಹುಬಲಿಯ ಕಥೆ ಬೇರೆ, ಪುರಾಣದ ಬಾಹುಬಲಿಯ ಕಥೆ ಬೇರೆ. ಅವನ್ನು ಬೆರೆಸುವ ಅಗತ್ಯವಿಲ್ಲ. ಆದರೆ ಹೆಸರಿನ ನೆಪದಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬಹುದು. ಪಂಪನ ‘ಆದಿಪುರಾಣ’ದಲ್ಲಿ ಭರತ ಬಾಹುಬಲಿಯರ ಸೇನೆಗಳು ಎದುರುಬದುರಾದಾಗ, ಅಣ್ಣತಮ್ಮಂದಿರ ಕಲಹಕ್ಕೆ ಸೈನಿಕರು ಏಕೆ ಸಾಯಬೇಕೆಂದು ಮಂತ್ರಿಗಳು ಮಧ್ಯೆ ಬರುತ್ತಾರೆ. ಯುದ್ಧ ಮೂರು ಧರ್ಮಯುದ್ಧಗಳಿಗೆ ಇಳಿಯುತ್ತದೆ: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೊದಲನೆಯದರಲ್ಲಿ ಇಬ್ಬರೂ ರೆಪ್ಪೆ ಮಿಟುಕಿಸದೆ ಒಬ್ಬರನ್ನೊಬ್ಬರು ನೋಡುತ್ತ ನಿಲ್ಲಬೇಕು. ಇದಕ್ಕಿಂತ ಒಳ್ಳೆಯ ಚೌಕಟ್ಟು ಗ್ರಾಫಿಕ್ ಕಾದಂಬರಿಕಾರನಿಗೆ ದೊರೆಯದು: ಎದುರುಬದುರು ಎರಡು ಪುಟ, ಎರಡು ಜೊತೆ ಕಣ್ಣು, ನಡುವೆ ಬಿಳಿಯ ಮೌನ. ಭಾರಿ ಬಂಡವಾಳದ ಚಿತ್ರಕ್ಕೆ ಇದಕ್ಕಿಂತ ಕಷ್ಟದ ದೃಶ್ಯವೂ ಇರಲಾರದು. ಹಣ ಹೂಡಿದವನಿಗೆ ಹಣ ಕಾಣಬೇಕು. ಸೇನೆಗಳು ಬಂದು ನಿಂತ ಮೇಲೆ ಅವು ಕಾದಲೇಬೇಕು. ನಡೆಯದೆ ಹೋದ ಯುದ್ಧವನ್ನು ಮಾರಾಟ ಮಾಡುವ ಬಗೆ ಮಾರುಕಟ್ಟೆಗೆ ಇನ್ನೂ ತಿಳಿದಿಲ್ಲ.

ಹಾಗೆಂದು ದೊಡ್ಡ ಚಿತ್ರಗಳೆಲ್ಲ ಬಿಡುವನ್ನು ಕೊಲ್ಲುತ್ತವೆ ಎನ್ನುವುದು ಅನ್ಯಾಯದ ಮಾತಾದೀತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಬಂದವರಿಗೆ ಕಲ್ಯಾಣಿಯ ಮಂಟಪಸಾಲು, ಮುಗಿಯದೆ ಉಳಿದ ರಾಯಗೋಪುರದ ಎತ್ತರದ ಕಂಬಗಳು ಮೊದಲೇ ನೋಡಿದಂತೆ ತೋರಿದರೆ ಆಶ್ಚರ್ಯವಿಲ್ಲ. ದಕ್ಷಿಣದ ಅನೇಕ ಚಿತ್ರಗಳು ಇಲ್ಲಿ ಚಿತ್ರೀಕರಣಗೊಂಡಿವೆ. ಅವುಗಳಲ್ಲಿ ಮಣಿರತ್ನಂ ಅವರ 1991ರ ‘ದಳಪತಿ’ ಒಂದು. ಅದು ಕರ್ಣನ ಕಥೆ. ಹೊಸಹೊಳಲಿನ ಗೋಡೆಯ ಭಾರತವೇ ಆಧುನಿಕ ಊರೊಂದರ ಬೀದಿಗೆ ಇಳಿದು ಬಂದ ಬಗೆ. ನಾಯಕನ ಹೆಸರು ಸೂರ್ಯ. ಆದರೆ ಅವನು ಸೂರ್ಯಪುತ್ರ ಎಂಬುದನ್ನು ಯಾವ ದೇವತೆಯೂ ಇಳಿದು ಬಂದು ಸಾರುವುದಿಲ್ಲ. ಸಂತೋಷ್ ಶಿವನ್ ಅವರ ಕ್ಯಾಮೆರಾ ಮುಖ್ಯ ಗಳಿಗೆಗಳಲ್ಲಿ ಬೆಳಗಿನ ಅಥವಾ ಸಂಜೆಯ ಬಿಸಿಲನ್ನು ಅವನ ಬೆನ್ನಿಗೆ, ಮುಖಕ್ಕೆ ತಂದು ನಿಲ್ಲಿಸುತ್ತದೆ, ಅಷ್ಟೆ. ಭಾರತ ಬಲ್ಲ ಪ್ರೇಕ್ಷಕ ಉಳಿದುದನ್ನು ತಾನೇ ತುಂಬಿಕೊಳ್ಳುತ್ತಾನೆ. ಚೌಕಟ್ಟುಗಳ ನಡುವಿನ ಬಯಲು ಇಲ್ಲಿ ಬೆಳಕಾಗಿ ಉಳಿದಿದೆ. ಇರಾನಿನಲ್ಲಿ ಬೆಳೆದ ಮರ್ಜಾನೆ ಸತ್ರಾಪಿ ತಮ್ಮದೇ ‘ಪರ್ಸೆಪೊಲಿಸ್’ ಚಿತ್ರಕಥನವನ್ನು 2007ರಲ್ಲಿ ವಿನ್ಸೆಂಟ್ ಪರೊನೊ ಜೊತೆಗೂಡಿ ಸಿನಿಮಾ ಮಾಡಿದಾಗಲೂ ಇಂಥ ಸಂಯಮವೇ ಗೆದ್ದಿತು. ನಟರನ್ನು ತರದೆ, ಪುಸ್ತಕದ ಕಪ್ಪುಬಿಳುಪಿನ ಸರಳ ಗೆರೆಯನ್ನೇ ಬಹುಪಾಲು ಉಳಿಸಿಕೊಂಡರು. ಆ ಮುಖಗಳಲ್ಲಿ ಇರಾನಿನ ಹೊರಗಿನವರೂ ತಮ್ಮ ಮನೆಯವರನ್ನು ಕಾಣಲು ಜಾಗವಿತ್ತು.

ಸುತ್ತಾಟದ ಕೊನೆಗೆ ಶ್ರೀರಂಗಪಟ್ಟಣ. 1784ರ ದರಿಯಾ ದೌಲತ್ ಅರಮನೆಯ ಹೊರಗೋಡೆಯ ಮೇಲೆ ಪೊಲ್ಲಿಲೂರಿನ ಯುದ್ಧದ ಪ್ರಸಿದ್ಧ ಚಿತ್ರವಿದೆ. 1780ರ ಸೆಪ್ಟೆಂಬರ್ 10ರಂದು ಹೈದರ್ ಮತ್ತು ಟಿಪ್ಪುವಿನ ಸೇನೆ ಕರ್ನಲ್ ಬೈಲಿಯ ತುಕಡಿಯನ್ನು ಸೋಲಿಸಿದ ಪ್ರಸಂಗ ಅದು. ಕೆಂಪು ಅಂಗಿಯ ಸೈನಿಕರು ಚೌಕಾಕಾರವಾಗಿ ನಿಂತಿದ್ದಾರೆ, ಮದ್ದಿನ ಬಂಡಿ ಸಿಡಿಯುತ್ತಿದೆ, ಟಿಪ್ಪು ನಿರಾತಂಕವಾಗಿ ಗುಲಾಬಿಯನ್ನು ಮೂಸುತ್ತಿದ್ದಾನೆ. ಗಾಯಗೊಂಡ ಬೈಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಂಡಿದ್ದಾನೆ. ಇದು ಗೆದ್ದವರು ಬರೆಯಿಸಿದ ಚಿತ್ರ, ನಿಷ್ಪಕ್ಷಪಾತದ ದಾಖಲೆಯಲ್ಲ. 19ನೆಯ ಶತಮಾನದ ನಡುವಿನಲ್ಲಿ ಡಾಲ್‌ಹೌಸಿಯ ಆದೇಶದಂತೆ ಮತ್ತೆ ಬಿಡಿಸಲ್ಪಟ್ಟದ್ದರಿಂದ ಇಂದು ಕಾಣುವ ಗೆರೆಗಳೆಲ್ಲ ಮೂಲದವೂ ಅಲ್ಲ. ಆದರೂ ನೋಡುವವನ ಕಣ್ಣು ಇಲ್ಲಿ ಸ್ವತಂತ್ರ. ಅದು ವಿಜಯದ ಗದ್ದಲವನ್ನು ದಾಟಿ ಸೋತವನ ಆ ಬೆರಳಿನ ಮೇಲೆ ಎಷ್ಟು ಹೊತ್ತಾದರೂ ನಿಲ್ಲಬಲ್ಲದು. ಎರಡು ವರ್ಷಗಳ ಬಳಿಕ ಇದೇ ಊರಿನ ಸೆರೆಯಲ್ಲಿ ತೀರಿಕೊಂಡ ಬೈಲಿಯ ಸ್ಮಾರಕ ಗುಂಬಜಿನ ಹತ್ತಿರವೇ ಇದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅದಾಗಿ ವರ್ಷ ತುಂಬುವ ಹೊತ್ತಿಗೆ ಲಂಡನ್ನಿನಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಕೋಟೆಯ ಪತನವನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಚಿತ್ರಿಸಿದ. ಅವನು ಶ್ರೀರಂಗಪಟ್ಟಣವನ್ನು ಕಂಡವನಲ್ಲ. ಕೇಳಿದ್ದನ್ನು ಆಧರಿಸಿ ಕೆಲವೇ ವಾರಗಳಲ್ಲಿ ಚಿತ್ರವನ್ನು ಮುಗಿಸಿದ. ಜನ ಹಣ ಕೊಟ್ಟು ಒಳಗೆ ಹೋಗಿ, ಅರ್ಧಚಂದ್ರಾಕಾರವಾಗಿ ತಮ್ಮನ್ನು ಸುತ್ತುವರಿದ ಯುದ್ಧದ ನಡುವೆ ನಿಂತು ಬೆರಗಾದರು. ಸಿನಿಮಾ ಹುಟ್ಟುವುದಕ್ಕೆ ಸುಮಾರು ನೂರು ವರ್ಷ ಮೊದಲೇ ಶ್ರೀರಂಗಪಟ್ಟಣ ಹೀಗೆ ಒಂದು ಭಾರಿ ವೆಚ್ಚದ ‘ಚಿತ್ರ’ವಾಗಿತ್ತು. ಆ ಬೃಹತ್ ಪಟ ಈಗ ಉಳಿದಿಲ್ಲ. ಅದರ ಮುದ್ರಿತ ಪ್ರತಿಗಳು ಮಾತ್ರ ಉಳಿದಿವೆ. ದರಿಯಾ ದೌಲತ್ ಗೋಡೆಯೂ ಪೋರ್ಟರನ ಪಟವೂ ವಿಜಯದ ಚಿತ್ರಗಳೇ. ಒಂದರ ಮುಂದೆ ನೋಡುಗ ಓದುಗನಾಗಿ ಉಳಿಯುತ್ತಾನೆ. ಇನ್ನೊಂದರೊಳಗೆ ಅವನು ಸೇನೆಯ ಜೊತೆಗೇ ಕೋಟೆಗೆ ನುಗ್ಗಿದವನಾಗುತ್ತಾನೆ. ಸುತ್ತಲೂ ಚಿತ್ರ ಆವರಿಸಿದಾಗ ಹಿಂದೆ ಸರಿದು ನೋಡಲು ಸ್ಥಳ ಉಳಿಯುವುದಿಲ್ಲ. ಭಾರಿ ಬಂಡವಾಳದ ರೂಪಾಂತರದಲ್ಲಿ ಪಣಕ್ಕಿರುವುದು ಈ ಸ್ಥಳ. ಚರಿತ್ರೆ ತೆರೆಗೆ ಬಂದಾಗಲಂತೂ ಅದರ ನಷ್ಟ ರಸಿಕತೆಯ ನಷ್ಟವಾಗಿಯಷ್ಟೇ ನಿಲ್ಲುವುದಿಲ್ಲ. ವಿವೇಚನೆಯ ನಷ್ಟವೂ ಆಗುತ್ತದೆ.

ಈ ಮಾತನ್ನು ಕನ್ನಡ ಕಾವ್ಯ ಬಹಳ ಹಿಂದೆಯೇ ಒಂದು ನೃತ್ಯದ ಮೂಲಕ ಯೋಚಿಸಿದೆ. 941ರಲ್ಲಿ ಪೂರ್ಣಗೊಂಡ ಅದೇ ‘ಆದಿಪುರಾಣ’ದಲ್ಲಿ ವೃಷಭನಾಥನ ಆಸ್ಥಾನದಲ್ಲಿ ದೇವನರ್ತಕಿ ನೀಲಾಂಜನೆ ಕುಣಿಯುತ್ತಾಳೆ. ಕುಣಿತದ ನಡುವೆಯೇ ಅವಳ ಆಯುಷ್ಯ ತೀರುತ್ತದೆ, ಮಿಂಚಿನಂತೆ ಅವಳು ಮಾಯವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರ ಅದೇ ಕ್ಷಣದಲ್ಲಿ ಅವಳಂಥದೇ ರೂಪವನ್ನು ಅದೇ ಜಾಗದಲ್ಲಿ ಸೃಷ್ಟಿಸುತ್ತಾನೆ. ಲಯ ತಪ್ಪುವುದಿಲ್ಲ, ಸಭೆ ಮೈಮರೆತು ನೋಡುತ್ತಲೇ ಇರುತ್ತದೆ. ಒಂದು ಚೌಕಟ್ಟು ಮುಗಿದು ಇನ್ನೊಂದು ಬಂದದ್ದು ಯಾರಿಗೂ ತಿಳಿಯುವುದಿಲ್ಲ. ವೃಷಭನೊಬ್ಬನಿಗೆ ಮಾತ್ರ ಆ ಬಿಡುವು ಕಾಣುತ್ತದೆ. ಅವನ ವೈರಾಗ್ಯಕ್ಕೆ, ಮುಂದಿನ ಕಥೆಯೆಲ್ಲಕ್ಕೆ ಆ ಒಂದು ಬಿಡುವೇ ಬಾಗಿಲಾಗುತ್ತದೆ.

ಇಂದ್ರನ ಕೌಶಲ ಸಣ್ಣದಲ್ಲ. ಇಂದಿನ ಕಂಪ್ಯೂಟರ್ ಚಿತ್ರಣದ ಕೌಶಲವೂ ಸಣ್ಣದಲ್ಲ. ಆದರೆ ಇಂದ್ರ ಆ ನೃತ್ಯವನ್ನು ಏರ್ಪಡಿಸಿದ್ದೇ ವೃಷಭನಿಗೆ ಎಚ್ಚರ ಮೂಡಲೆಂದು. ಸಭೆಗೆ ರಸ ಕೆಡದಂತೆ, ಕಾಣಬಲ್ಲವನಿಗೆ ಬಿಡುವು ಕಾಣುವಂತೆ ಅವನು ಅದನ್ನು ಹೂಡಿದ್ದ. ಗ್ರಾಫಿಕ್ ಕಾದಂಬರಿಯನ್ನು ತೆರೆಗೆ ತರುವವರ ಮುಂದಿರುವ ಕೆಲಸವೂ ಅದೇ. ಕರ್ನಾಟಕದ ಯಾರಾದರೂ ಮುಂದೊಂದು ದಿನ ಪೊಲ್ಲಿಲೂರನ್ನೋ ಭರತ ಬಾಹುಬಲಿಯರನ್ನೋ ಮೊದಲು ಚೌಕಟ್ಟುಗಳಲ್ಲಿ ಬರೆದು, ಆಮೇಲೆ ಕೋಟಿಗಳನ್ನು ಹೂಡಿ ಸಿನಿಮಾ ಮಾಡಬಹುದು. ಅವರು ಮೊದಲು ಹೊಸಹೊಳಲಿನ ಗುಡಿಯನ್ನು ಒಂದು ಸುತ್ತು ಬರುವುದು ಒಳ್ಳೆಯದು. ಬಾಣ ಬಿಲ್ಲನ್ನು ಬಿಟ್ಟ ಗಳಿಗೆಯನ್ನು ಆ ಗೋಡೆ ಏಳುನೂರು ವರ್ಷಗಳಿಂದಲೂ ನಡೆಯುವವನ ಪಾಲಿಗೇ ಬಿಟ್ಟಿದೆ.